ಮೂರಡಿ ಟ್ಯಾಂಕಿನಲ್ಲಿ ಯಾವ ಮೀನಿಗೆ ಯಾವುದು ಜೊತೆ

ತಂಗಿ, ಧಾರವಾಡದ ಮನೆಗೆ ಮೂರಡಿಯ ಟ್ಯಾಂಕ್ ತಂದಿರುವುದಾಗಿ ತಿಳಿಸಿ, ಗೋಲ್ಡ್‌ಫಿಶ್, ಏಂಜೆಲ್, ನಿಯಾನ್ ಟೆಟ್ರಾ, ಟೈಗರ್ ಬಾರ್ಬ್, ಗಪ್ಪಿ ಎಲ್ಲವನ್ನೂ ಒಟ್ಟಿಗೆ ಬಿಡಬಹುದೇ ಎಂದು ನೀನು ಬೆಳಿಗ್ಗೆ ಗ್ರೂಪಿನಲ್ಲಿ ಕೇಳಿದ್ದೀಯ. ದಯವಿಟ್ಟು ಬಿಡಬೇಡ, ಕಾರಣವನ್ನು ವಿವರವಾಗಿ ಹೇಳುತ್ತೇನೆ, ಮಕ್ಕಳಿಗೂ ಕೇಳಿಸು.

ಮೀನಿಗಿಂತ ಮೊದಲು ನೀರನ್ನು ನೋಡಬೇಕು. ನಿಮ್ಮದು ಬೋರ್ ನೀರು. ಸ್ನಾನದ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಅದು ಗಡಸು ನೀರೆಂದೇ ತಿಳಿ. ಅಮೆಜಾನ್ ಪ್ರದೇಶದ ಮೆದುವಾದ, ತುಸು ಆಮ್ಲೀಯವಾದ ನೀರಿನ ಮೂಲದ ನಿಯಾನ್ ಟೆಟ್ರಾಗೆ ಅದು ಒಗ್ಗುವುದು ಕಷ್ಟ, ಆದರೆ ಗಪ್ಪಿ, ಮೋಲಿ, ಪ್ಲೇಟಿಗಳಿಗೆ ಅದೇ ನೀರು ಹೇಳಿ ಮಾಡಿಸಿದಂತಿರುತ್ತದೆ.

ಗೋಲ್ಡ್‌ಫಿಶ್ ತಂಪು ನೀರಿನ ಮೀನು, ಹೊಲಸು ಮಾಡುವುದೂ ಹೆಚ್ಚು. ಅದಕ್ಕೆ ಬೇರೆ ಟ್ಯಾಂಕೇ ಬೇಕು. ಏಂಜೆಲ್ ಮರಿಯಾಗಿದ್ದಾಗ ಸೌಮ್ಯವಾಗಿ ಕಂಡರೂ ಬೆಳೆದ ಮೇಲೆ ಬಾಯಿಗೆ ಹಿಡಿಯುವ ನಿಯಾನನ್ನು ನುಂಗಿಬಿಡುತ್ತದೆ. ಟೈಗರ್ ಬಾರ್ಬ್‌ಗಳು ಎಂಟು ಹತ್ತು ಇದ್ದರೆ ಬಹುಮಟ್ಟಿಗೆ ತಮ್ಮತಮ್ಮಲ್ಲೇ ಕಿತ್ತಾಡಿಕೊಂಡಿರುತ್ತವೆ. ಎರಡು ಮೂರನ್ನೇ ತಂದರೆ ಉದ್ದ ಬಾಲದವುಗಳ ಬೆನ್ನು ಹತ್ತುತ್ತವೆ. ಬಾಲದ ಅಂಚು ಎಳೆಎಳೆಯಾಗಿ ಹರಿದು, ಫಿಲ್ಟರಿನ ಹಿಂದೆ ಮೂಲೆ ಹಿಡಿದು, ಕಾಳು ಹಾಕಿದರೂ ಹೊರಗೆ ಬಾರದ ಗಪ್ಪಿಯನ್ನು ನೋಡಿದರೆ ಸಂಕಟವಾಗುತ್ತದೆ.

ನನ್ನ ಆಯ್ಕೆ ಹೀಗಿದೆ: ಒಂದು ಗಂಡಿಗೆ ಎರಡು ಹೆಣ್ಣಿನಂತೆ ಆರು ಪ್ಲೇಟಿ, ಮೇಲ್ಭಾಗದಲ್ಲಿ ಚುರುಕಾಗಿ ಓಡಾಡಲು ಎಂಟು ಜೀಬ್ರಾ ಡೇನಿಯೊ, ತಳದಲ್ಲಿ ಆರು ಬ್ರಾಂಜ್ ಕೋರಿಡೋರಾಸ್. ಕೋರಿಡೋರಾಸ್ ಮೀಸೆಯಿಂದ ತಳ ಕೆದಕಿ ತಿನ್ನುವುದರಿಂದ ಚೂಪು ಕಲ್ಲಿನ ಬದಲು ನುಣುಪಾದ ಮರಳು ಹಾಕು. ಪ್ಲೇಟಿ ಮರಿ ಹಾಕುತ್ತಲೇ ಇರುತ್ತದೆ, ಆದ್ದರಿಂದ ಆರಂಭದಲ್ಲಿಯೇ ಟ್ಯಾಂಕ್ ತುಂಬಿಸಬೇಡ. ಗಾಜು ಸ್ವಚ್ಛ ಮಾಡುತ್ತದೆ ಎಂದು ಅಂಗಡಿಯಲ್ಲಿ ಕೊಡುವ ಸಕ್ಕರ್ ಮೀನು ಬೇಡವೇ ಬೇಡ, ಏಕೆಂದರೆ ಅದು ಒಂದಡಿಗೂ ಮೀರಿ ಬೆಳೆಯುತ್ತದೆ. ಹಾಗೆ ಬೆಳೆದದ್ದನ್ನು ಸಾಧನಕೇರಿಗೋ ಕೆಲಗೇರಿಗೋ ಬಿಟ್ಟರೆ ಅಲ್ಲಿನ ಮೂಲ ಮೀನುಗಳಿಗೆ ಕುತ್ತು.

ಈ ವಾರವೇ ಮೀನು ತರಬೇಡ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಫಿಲ್ಟರ್ ನಿಲ್ಲಿಸದೆ, ಆಗಾಗ ಚಿಟಿಕೆ ಕಾಳು ಹಾಕುತ್ತಿರು. ಅದು ಕೊಳೆತು ಬರುವ ಅಮೋನಿಯಾವೇ ಆ ಬ್ಯಾಕ್ಟೀರಿಯಾಕ್ಕೆ ಆಹಾರ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ ಇಳಿದು ಸೊನ್ನೆಗೆ ಬಂದ ದಿನ ಇಲ್ಲಿ ಫೋಟೊ ಹಾಕು, ಮೊದಲ ಮೂರು ಪ್ಲೇಟಿ ಆರಿಸಲು ನಾನೂ ಅಂಗಡಿಗೆ ಬರುತ್ತೇನೆ.