ಪದಚರ್ಚೆ: ರುಬಿಡಿಯಂ ಫ್ರೀಕ್ವೆನ್ಸಿ ಸ್ಟ್ಯಾಂಡರ್ಡ್ ಮತ್ತು ಅದರ ‘ನಿಖರತೆಯ ಪರಿಶೀಲನೆ’

ಮಾನ್ಯರೇ,

ಕಲಬುರಗಿಯ ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ ಹವ್ಯಾಸಿ ರೇಡಿಯೊ ಮಿತ್ರರೊಬ್ಬರು ತಮ್ಮ ರುಬಿಡಿಯಂ ಫ್ರೀಕ್ವೆನ್ಸಿ ಸ್ಟ್ಯಾಂಡರ್ಡನ್ನು (ರುಬಿಡಿಯಂ ಪರಮಾಣುಗಳ ಆಧಾರದ ಮೇಲೆ ಬಹು ಸ್ಥಿರವಾದ ಆವರ್ತನದ ವಿದ್ಯುತ್ ಸಂಕೇತ ಕೊಡುವ ಉಪಕರಣ) ಇಡಲಿದ್ದು, ಅದರ ಫಲಕದ ಬರಹ ನಾಳೆ ಸಂಜೆಯೊಳಗೆ ಮುದ್ರಣಕ್ಕೆ ಹೋಗಬೇಕಾಗಿದೆ. ಉಪಕರಣದಿಂದ ಬರುವ 10 ಮೆಗಾಹರ್ಟ್ಸ್ ಸಂಕೇತವನ್ನೂ, ಜಿಪಿಎಸ್‌ಗೆ ಲಾಕ್ ಆದ (ಉಪಗ್ರಹಗಳ ಸಮಯಕ್ಕೆ ಹೊಂದಿಸಿಕೊಂಡ) ಆಂದೋಲಕದ ಅಷ್ಟೇ ಆವರ್ತನದ ಸಂಕೇತವನ್ನೂ ಸಂಕೇತಗಳನ್ನು ಅಲೆಯಾಗಿ ತೋರಿಸುವ ಆಸಿಲೋಸ್ಕೋಪಿನ ಎರಡು ಚಾನೆಲ್‌ಗಳಿಗೆ ಕೊಟ್ಟು, ಚಿತ್ರವನ್ನು ನಿಲ್ಲಿಸಿ ಹಿಡಿಯುವ ಟ್ರಿಗರನ್ನು ಜಿಪಿಎಸ್ ಕಡೆಗಿಟ್ಟರೆ, ರುಬಿಡಿಯಂನ ಅಲೆ ಪರದೆಯ ಮೇಲೆ ಬಹು ನಿಧಾನವಾಗಿ ಪಕ್ಕಕ್ಕೆ ಸರಿಯುತ್ತದೆ. ಒಂದು ಪೂರ್ಣ ಆವರ್ತ, ಅಂದರೆ 100 ನ್ಯಾನೊಸೆಕೆಂಡ್, ಸರಿಯಲು 10,000 ಸೆಕೆಂಡು ಹಿಡಿದರೆ ವ್ಯತ್ಯಾಸವು ಹತ್ತು ಸಾವಿರ ಕೋಟಿಗೆ ಒಂದು ಪಾಲು. ಉಪಕರಣಕ್ಕೆ ‘ಆವರ್ತನ ಮಾನಕ’ ಎಂದೂ, ಈ ಕೆಲಸಕ್ಕೆ ‘ನಿಖರತೆಯ ಪರಿಶೀಲನೆ’ ಎಂದೂ ಬರೆದಿದ್ದೇನೆ. ಸರಿಯಾದೀತೇ?

* * *

‘ಮಾನಕ’ ಹಿಂದಿಯವರಿಂದ ಕಡ ತಂದದ್ದು, ಬಿಟ್ಟುಬಿಡಿ. ‘ಒರೆ’ ಎಂಬ ಅಚ್ಚಗನ್ನಡ ಧಾತುವಿಗೆ ಉಜ್ಜು, ತಿಕ್ಕು ಎಂಬ ಅರ್ಥವಿದೆ. ತಮಿಳಿನ ‘ಉರೈ’ ಇದರ ಒಡಹುಟ್ಟು. ಅದರಿಂದಾದ ‘ಒರೆಗಲ್ಲು’ ಕಲಬುರಗಿಯ ಸರಾಫ್ ಬಜಾರಿನ ಅಕ್ಕಸಾಲಿಗರ ಕೈಯಲ್ಲಿ ಇಂದಿಗೂ ಇರುವಾಗ ಮಾನಕದ ಹಂಗೇಕೆ? ‘ರುಬಿಡಿಯಂ ಒರೆಗಲ್ಲು’ ಎಂದು ಬರೆಯಿರಿ. ಪರಿಶೀಲನೆಗೆ ‘ಒರೆಹಚ್ಚುವಿಕೆ’ ಸಾಕು. ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ.

* * *

ಚರ್ಚಿಸುವಂಥದ್ದು ಇದೆ. ಇಲ್ಲಿ ರುಬಿಡಿಯಂ ಒರೆಗೆ ಹಚ್ಚಿಸಿಕೊಳ್ಳುವ ಚಿನ್ನವೇ ಹೊರತು ಒರೆಗಲ್ಲಲ್ಲ. 1967ರಿಂದ ಸೆಕೆಂಡನ್ನು ನಿರ್ಧರಿಸುತ್ತಿರುವುದು ಸೀಸಿಯಂ-133 ಪರಮಾಣುವಿನ 919,26,31,770 ಆವರ್ತಗಳು. ಹವ್ಯಾಸಿಗಳ ಪೆಟ್ಟಿಗೆಯಲ್ಲಿ ರುಬಿಡಿಯಂ ಆವಿಯೊಂದಿಗೆ ಗಾಜಿನ ಕೋಶದೊಳಗೆ ತುಂಬಿರುವ ಬಫರ್ ಅನಿಲದ (ಪರಮಾಣುಗಳು ಕೋಶದ ಗೋಡೆಗೆ ಬಡಿಯುವುದನ್ನು ತಗ್ಗಿಸುವ ಅನಿಲದ) ಒತ್ತಡವೂ, ಒಳಗಿನ ದೀಪದ ಬೆಳಕೂ ಪರಮಾಣುವಿನ ಸಹಜ ಆವರ್ತನವನ್ನು ತುಸು ಸರಿಸುತ್ತವೆ. ವರ್ಷಗಳು ಕಳೆದಂತೆ ಆ ಸರಿತವೂ ಬದಲಾಗುತ್ತದೆ. ಆದ್ದರಿಂದಲೇ ಒಳಗಿನ ಕ್ಷೀಣ ಕಾಂತಕ್ಷೇತ್ರವನ್ನು ಹೆಚ್ಚುಕಡಿಮೆ ಮಾಡಿ ಆವರ್ತನವನ್ನು ಮತ್ತೆ ಹಾದಿಗೆ ತರಬೇಕಾಗುತ್ತದೆ.

‘ನಿಖರತೆ’ಗೂ ‘ಸ್ಥಿರತೆ’ಗೂ ಇರುವ ಅಂತರವನ್ನು ಫಲಕದಲ್ಲಿ ಕಾಪಾಡದಿದ್ದರೆ ಓದುವ ಮಕ್ಕಳು ದಾರಿ ತಪ್ಪುತ್ತಾರೆ. ಒಂದೇ ಸಮನೆ ತಪ್ಪು ಆವರ್ತನವನ್ನು ಕೊಡುವ ಉಪಕರಣ ಸ್ಥಿರವೇ, ನಿಖರವಲ್ಲ. ಜಿಪಿಎಸ್ ರಿಸೀವರಿನ ಪ್ರತಿ ಸೆಕೆಂಡಿನ ಮಿಡಿತವು ಹತ್ತಾರು ನ್ಯಾನೊಸೆಕೆಂಡು ಅತ್ತಿತ್ತ ಓಲಾಡುವುದರಿಂದ, ಅರೆಗಳಿಗೆ ಪರದೆ ನೋಡಿ ತೀರ್ಪು ಕೊಡುವಂತಿಲ್ಲ. ರಾತ್ರಿಯಿಡೀ ಎರಡನ್ನೂ ಓಡಿಸಿ ಸರಾಸರಿ ತೆಗೆಯಬೇಕು. ಲೆಕ್ಕದ ಪುಸ್ತಕಗಳನ್ನು ಎದುರುಬದುರಿಟ್ಟು ನೋಡುವ ಇಂಥ ಕೆಲಸಕ್ಕೆ ನಮ್ಮಲ್ಲಿ ‘ತಾಳೆ ನೋಡುವುದು’ ಎಂಬ ಮಾತಿದೆ. ಉಪಕರಣದ ಹೆಸರನ್ನು, ಅದನ್ನು ಬಳಸುವವರು ಕರೆಯುವಂತೆ, ‘ಫ್ರೀಕ್ವೆನ್ಸಿ ಸ್ಟ್ಯಾಂಡರ್ಡ್’ ಎಂದೇ ಇಡಿ. ಅಚ್ಚಗನ್ನಡದ ಸಾಕ್ಷಿಗೆಂದು ಕರೆತಂದ ಬಜಾರಿನ ‘ಸರಾಫ್’ ಅರಬ್ಬಿಯದು, ‘ಬಜಾರ್’ ಪಾರಸಿಯದು ಎಂಬುದನ್ನು ಹಿಂದಿನ ಪತ್ರ ಬರೆದವರು ಗಮನಿಸಿದಂತಿಲ್ಲ.

* * *

ಗಮನಿಸಿಯೇ ಬರೆದದ್ದು. ಊರಿನ ಹೆಸರುಗಳು ಬೇರೆ, ನಾವು ಹೊಸದಾಗಿ ಬರೆಯುವ ಫಲಕ ಬೇರೆ. ‘ತಾಳೆ’ಗೆ ನನ್ನ ಒಪ್ಪಿಗೆಯಿದೆ, ‘ಸ್ಟ್ಯಾಂಡರ್ಡ್’ಗೆ ಇಲ್ಲ.