ಸಹಾಯ ಬೇಕು: ಗಟ್ಟಿಯಾದ ಸಾದಾ ವೈರ್ ಮೌಸ್ ಯಾವುದು?

ಡಿಟಿಪಿ ಕೆಲಸಕ್ಕೆ ಮೌಸ್ ಬೇಕಿದೆ, ಬಳಸಿದವರು ಮಾಡೆಲ್ ಹೇಳಿ. ಈಗಿನದರಲ್ಲಿ ಒಂದು ಸಲ ಒತ್ತಿದರೆ ಎರಡು ಸಲ ಕ್ಲಿಕ್ ಆಗುತ್ತೆ. ಫೈಲ್ ಆರಿಸಲು ಹೋದರೆ ತೆರೆದೇ ಬಿಡುತ್ತೆ, ಸಾಲು ಸೆಲೆಕ್ಟ್ ಮಾಡುತ್ತಾ ಎಳೆಯುವಾಗ ಮಧ್ಯದಲ್ಲೇ ಕೈಬಿಡುತ್ತೆ. ಬೇರೆ ಪೋರ್ಟ್, ಬೇರೆ ಕಂಪ್ಯೂಟರಿಗೆ ಹಾಕಿದರೂ ಅದೇ ಪಾಡು. ಅಂದರೆ ಎಡ ಬಟನ್ ಕೆಳಗಿನ ಮೈಕ್ರೋ ಸ್ವಿಚ್ಚಿನ (ಕ್ಲಿಕ್ ಗುರುತಿಸುವ ಪುಟ್ಟ ಸ್ವಿಚ್) ಲೋಹದ ಪಟ್ಟಿ ಸವೆದಿರಬೇಕು. ಮೂರು ಕಾಲಿನ ಆ ಸ್ವಿಚ್ಚನ್ನು ಬೆಸುಗೆ ಬಿಡಿಸಿ ಬದಲಿಸಬಹುದು, ಆದರೆ ಸ್ಕ್ರೂ ಇರುವುದು ಅಡಿಯ ಸ್ಟಿಕ್ಕರ್ ಕೆಳಗೆ. ಕಿತ್ತರೆ ಮತ್ತೆ ಸರಿಯಾಗಿ ಅಂಟಲ್ಲ.

ಹೊಸದಕ್ಕೆ 1.5 ಮೀಟರಿಗೆ ಕಮ್ಮಿಯಿಲ್ಲದ ಯುಎಸ್‌ಬಿ ವೈರ್, 1000 ಡಿಪಿಐ (ಚಲನೆ ಗುರುತಿಸುವ ಸೂಕ್ಷ್ಮತೆ) ಸಾಕು. ಬಣ್ಣದ ಲೈಟು ಬೇಡ. ವೈರ್ ಮೌಸಿಗೆ ಸೇರುವ ಜಾಗದಲ್ಲಿ ರಬ್ಬರ್ ಕವಚ ಇರಲೇಬೇಕು, ಇಲ್ಲದಿದ್ದರೆ ಅಲ್ಲೇ ಮಡಚಿ ಮಡಚಿ ಒಳಗಿನ ಎಳೆ ತುಂಡಾಗುತ್ತೆ. ಆಪ್ಟಿಕಲ್ ಸ್ವಿಚ್ ಇರುವ ಸಾದಾ ಮೌಸ್ ಸಿಗುತ್ತಾ? ಅದರಲ್ಲಿ ಕ್ಲಿಕ್ ಗುರುತಿಸೋದು ಬೆಳಕು, ಲೋಹದ ಪಟ್ಟಿಯಲ್ಲ.