ನಾಲ್ಕು ಆಟಿಕೆ, ಒಂದು ಹಂಡೆ

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಬೆಂಗಳೂರಿನ ನಾದಿನಿ ಒಂದು ಸಂದೇಶ ತಳ್ಳಿದಳು. "ಮಕ್ಕಳಿರುವ ಮನೆಗೆ ಸರಳ ಬದುಕಿನ ಸೂತ್ರಗಳು" ಎಂಬ ತಲೆಬರಹ, ಸುತ್ತ ಗುಲಾಬಿ ಹೂವು. ವರ್ಷದಿಂದ ಮುಟ್ಟದ ವಸ್ತುವನ್ನು ಮನೆಯಿಂದ ಸಾಗಹಾಕಿ, ಸಂಜೆಯ ತರಗತಿ ಒಂದೇ ಇರಲಿ, ಉಣ್ಣುವಾಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ, ಆಟಿಕೆ ನಾಲ್ಕೇ ಸಾಕು. ನಾಲ್ಕಕ್ಕಿಂತ ಹೆಚ್ಚಾದರೆ ಮಗುವಿನ ಮೆದುಳು ಕುಗ್ಗುತ್ತದೆ ಎಂದು ಅಮೆರಿಕದ ವಿಜ್ಞಾನಿಗಳು ಸಾಬೀತುಪಡಿಸಿದ್ದಾರಂತೆ. ಕೆಳಗೆ ಅವಳದೇ ಒಂದು ಸಾಲು: "ಕೆಲವರಿಗೆ ಇದು ಬಹಳ ಅಗತ್ಯ."

ಆ ಕೆಲವರು ಯಾರೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದೀಪಾವಳಿಗೆ ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಗೆ ಬಂದಿದ್ದಾಗ ಅವಳು ಪ್ಲಾಸ್ಟಿಕ್ ಜೆಸಿಬಿಯ ಮೇಲೆ ಕಾಲಿಟ್ಟು ಎರಡು ದಿನ ಕುಂಟಿದ್ದಳು. ಇಬ್ಬರು ಮಕ್ಕಳು, ನನಗೆ ಬ್ಯಾಂಕಿನ ಕೆಲಸ. ನಮ್ಮ ಪಡಸಾಲೆಯ ನೆಲ ಕಾಣುವುದು ಹಬ್ಬದ ಹಿಂದಿನ ರಾತ್ರಿ ಮಾತ್ರ.

ಮೊದಲ ಉತ್ತರ ದೊಡ್ಡ ಮಾವನವರದು. ಸಂದೇಶವನ್ನು ಪೂರ್ತಿ ಓದಲು ಹಿಡಿಯುವಷ್ಟು ಹೊತ್ತೂ ಆಗಿರಲಿಲ್ಲ.

"ನಮ್ಮ ಕಾಲದಲ್ಲಿ ಐದು ಮಕ್ಕಳಿಗೆ ಒಂದು ಬುಗುರಿ. ಮಿಲ್ಲಿನ ಕೂಗು ಕೇಳಿದರೆ ಏಳುತ್ತಿದ್ದೆವು, ಇನ್ನೊಂದು ಕೂಗಿಗೆ ಉಣ್ಣುತ್ತಿದ್ದೆವು. ಈಗಿನ ತಾಯಂದಿರಿಗೆ ಸಂಯಮವಿಲ್ಲ."

ತಂದೆಯರ ಸುದ್ದಿಯೇ ಇಲ್ಲ. ಅದೇ ಗುಂಪಿನಲ್ಲಿರುವ ನನ್ನ ಗಂಡ ಕೈಮುಗಿಯುವ ಚಿತ್ರವೊಂದನ್ನು ಹಾಕಿ ಸ್ನಾನಕ್ಕೆ ಹೋದ. ಇನ್ನು ಆ ಜೆಸಿಬಿ? ದುಗ್ಗಮ್ಮನ ಜಾತ್ರೆಯಲ್ಲಿ ಅದನ್ನು ಕೊಡಿಸಿದವರು ದೊಡ್ಡ ಮಾವನವರೇ. ನಾನು ಬರೆದೆ, ಅಳಿಸಿದೆ, ಮತ್ತೆ ಬರೆದೆ, ಅಳಿಸಿದೆ.

ಚಿತ್ರದುರ್ಗದಲ್ಲಿ ಉಪನ್ಯಾಸಕನಾಗಿರುವ ಮೈದುನ ಎಂದಿನಂತೆ ಎರಡೇ ಪದ ಹಾಕಿದ: "ಮೂಲ ಯಾವುದು?" ಯಾರೂ ಉತ್ತರಿಸದಿದ್ದಾಗ ಅರ್ಧ ಗಂಟೆ ಬಿಟ್ಟು ತಾನೇ ಹುಡುಕಿ ತಂದ. 2018ರಲ್ಲಿ ಪ್ರಕಟವಾದ, ಟೊಲೆಡೊ ವಿಶ್ವವಿದ್ಯಾಲಯದ ಅಧ್ಯಯನವಂತೆ. ಮಕ್ಕಳು 36 ಮಂದಿ, ಎಲ್ಲರೂ 18ರಿಂದ 30 ತಿಂಗಳಿನವರು. ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಿದ್ದಾರೆ. ನಾಲ್ಕೇ ಇದ್ದಾಗ ಒಂದೊಂದರೊಡನೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದವು. "ಮೆದುಳು ಕುಗ್ಗುವ ಮಾತು ಅಲ್ಲಿಲ್ಲ. ಏಳು ವರ್ಷದ ಹುಡುಗನಿಗೆ ಇದು ಹೇಗೆ ಅನ್ವಯಿಸುತ್ತದೆ?" ಎಂದು ಕೇಳಿದ.

ಇಡೀ ದಿನದಲ್ಲಿ ಬಂದ ಒಂದೇ ತೂಕದ ಮಾತು ಅದು. ಅದಕ್ಕೆ ಸಿಕ್ಕ ಉತ್ತರವೂ ಒಂದೇ, ಚಿಕ್ಕತ್ತೆಯದು: "ಅಮೆರಿಕದವರೆಗೆ ಹುಡುಕಲು ಬರುವವನಿಗೆ ಚಿಕ್ಕಮ್ಮನ ಪಿಂಚಣಿ ಅರ್ಜಿ ತುಂಬಿಕೊಡಲು ಮಾತ್ರ ಬಿಡುವಿರಲಿಲ್ಲ."

ಅಷ್ಟರಲ್ಲಿ ದುಬೈಯಲ್ಲಿರುವ ಭಾವನವರಿಗೆ ಬಾಲ್ಯ ನೆನಪಾಯಿತು. ಸರಳ ಬದುಕೆಂದರೆ ಕಾಗದದ ಪೊಟ್ಟಣದಲ್ಲಿ ನರ್ಗಿಸ್ ಮಂಡಕ್ಕಿ, ಜೊತೆಗೆ ಬಿಸಿ ಮಿರ್ಚಿ, ಭಾನುವಾರ ಬೆಣ್ಣೆ ದೋಸೆ ಎಂದರು. ದೋಸೆಯ ಚಿತ್ರವನ್ನೂ ಹಾಕಿದರು. ಅದರಲ್ಲಿ ಸಾಂಬಾರಿನ ಬಟ್ಟಲಿತ್ತು. ದಾವಣಗೆರೆಯವರಿಗೆ ಇನ್ನೇನು ಬೇಕು? ಬಿಳಿ ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ ಬಿಟ್ಟು ದೋಸೆಯ ಪಕ್ಕದಲ್ಲಿ ಸಾಂಬಾರಿಟ್ಟವರನ್ನು ಊರಿನವರೆಂದು ಕರೆಯಬಹುದೇ ಎಂಬುದರ ಮೇಲೆ ಮೂವತ್ತು ಸಂದೇಶ ಹರಿದವು.

ಆಗ ಚಿಕ್ಕತ್ತೆ ಮೂಲ ಸಂದೇಶವನ್ನು ಓದಿದರು. ಅದೂ ಮೊದಲ ಸೂತ್ರವನ್ನು ಮಾತ್ರ.

"ವರ್ಷದಿಂದ ಮುಟ್ಟದ ವಸ್ತುವನ್ನು ಸಾಗಹಾಕಬೇಕಂತೆ. ನಮ್ಮ ಅತ್ತೆಯವರ ತಾಮ್ರದ ಹಂಡೆಯೂ ಹೀಗೆಯೇ ಸಾಗಿತು."

ಗುಂಪು ಗಪ್ಪೆಂದಿತು. ಚಿತ್ರದುರ್ಗದಿಂದ ದಾವಣಗೆರೆ ಜಿಲ್ಲೆ ಬೇರೆಯಾದ 1997ರಲ್ಲೇ ನಮ್ಮವರ ಮನೆಯೂ ಪಾಲಾದದ್ದು. ಜಿಲ್ಲೆಯ ಗಡಿ ತೀರ್ಮಾನವಾಯಿತು, ಹಂಡೆಯದು ಇನ್ನೂ ಆಗಿಲ್ಲ. ದೊಡ್ಡ ಮಾವನವರು ಸಂಯಮವನ್ನು ಪಕ್ಕಕ್ಕಿಟ್ಟು, "ಹಂಡೆ ಸೋರುತ್ತಿತ್ತು" ಎಂದರು. "ಸೋರುತ್ತಿದ್ದದ್ದು ನಿಮಗೆ ಹೇಗೆ ಗೊತ್ತು? ನಿಮ್ಮ ಮನೆಗೆ ಬರಲೇ ಇಲ್ಲ ಎಂದಿದ್ದಿರಲ್ಲ?" ಎಂದರು ಚಿಕ್ಕತ್ತೆ. ಇಬ್ಬರು ಗುಂಪು ತೊರೆದರು. ಒಬ್ಬರನ್ನು ಮತ್ತೆ ಸೇರಿಸಲಾಯಿತು.

ನಿಜ ಹೇಳಬೇಕೆಂದರೆ ನನಗೆ ಹಿಡಿಸಿದ್ದು ಆಟಿಕೆಯ ಮಾತಲ್ಲ, ತರಗತಿಯದು. ಕಳೆದ ತಿಂಗಳೇ ಮಗನ ಅಬಾಕಸ್ ಬಿಡಿಸಿದ್ದೇನೆ. ಶನಿವಾರ ಸಂಜೆ ನಾವು ಕುಂದವಾಡ ಕೆರೆಯ ಏರಿಯ ಮೇಲೆ ಸುಮ್ಮನೆ ನಡೆಯುತ್ತೇವೆ. ಅವನು ಕಲ್ಲು ಆರಿಸಿ ಜೇಬಿಗೆ ತುಂಬುತ್ತಾನೆ, ಆ ಕಲ್ಲುಗಳೂ ಪಡಸಾಲೆಗೇ ಬರುತ್ತವೆ. ಇದನ್ನು ಗುಂಪಿನಲ್ಲಿ ಬರೆದಿದ್ದರೆ "ಅಬಾಕಸ್ ಬಿಡಿಸಿದಿರಾ?" ಎಂದು ಇನ್ನೊಂದು ಕದನ.

ರಾತ್ರಿ ಹತ್ತೂವರೆಗೆ ನಾದಿನಿಯಿಂದ ನನಗೊಬ್ಬಳಿಗೇ ಸಂದೇಶ ಬಂತು.

"ಅತ್ತಿಗೆ, ನಿಮ್ಮನ್ನು ಅಂದದ್ದಲ್ಲ. 'ಕೆಲವರು' ಎಂದರೆ ನಾನೇ." ಜೊತೆಗೆ ಅವಳ ಮನೆಯ ಪಡಸಾಲೆಯ ಚಿತ್ರ. ಸೋಫಾ ಎಲ್ಲಿದೆ ಎಂದು ಹುಡುಕಬೇಕಾಯಿತು. ಮೂಲೆಯಲ್ಲಿ, ಗೊಂಬೆಗಳು ತುಂಬಿ ತುಳುಕುತ್ತಿದ್ದ ದೊಡ್ಡದೊಂದು ಪಾತ್ರೆ.

ನಾನು ಚಿತ್ರವನ್ನು ಹಿಗ್ಗಿಸಿ ನೋಡಿದೆ. ತಾಮ್ರದ್ದು.